ಬಾಪ ನೆಟ್ಟ ಸಾಗುವಾನಿ

“ಇವಳ ಮದುವೆಗೆ ನಾನು ಯಾರ ಮುಂದೆಯೂ ಕೈ ಚಾಚಬೇಕಾಗಿಲ್ಲ” ಎಂದು ಬಾಪ ಹೇಳುತ್ತಿದ್ದದ್ದು ನನಗೆ ಈಗಲೂ ನೆನಪಿದೆ. ಅದು 1994ರ ಮಳೆಗಾಲ. ತಂಗಿಗೆ ಆಗ ಒಂದು ವರ್ಷ. ಅಡಿಕೆ ತೋಟದ ಮೇಲಿನ ಗುಡ್ಡದಲ್ಲಿ ಬಾಪ 150 ಸಾಗುವಾನಿ ಸಸಿಗಳನ್ನು ನೆಟ್ಟಿದ್ದರು.

ಆ ದಿನಗಳಲ್ಲಿ ಪತ್ರಿಕೆ ತೆರೆದರೆ ಸಾಗುವಾನಿಯದೇ ಜಾಹೀರಾತು. ನೀವು ಹಣ ಕೊಡಿ, ನಾವು ಮರ ಬೆಳೆಸುತ್ತೇವೆ, 20 ವರ್ಷಗಳಲ್ಲಿ ಲಕ್ಷಾಧಿಪತಿಗಳಾಗಿ ಎಂದು ಕಂಪೆನಿಗಳು ಕರೆಯುತ್ತಿದ್ದವು. 1999ರಲ್ಲಿ ಸೆಬಿ ಇಂತಹ ಯೋಜನೆಗಳಿಗೆ ನಿಯಮ ತಂದಿತು. ಅಷ್ಟರಲ್ಲಿ ಎಷ್ಟೋ ಜನರ ಹಣ ಮುಳುಗಿತ್ತು. ನಮ್ಮ ಸಂಬಂಧಿಕರೊಬ್ಬರ ಗಲ್ಫ್ ದುಡಿಮೆಯೂ ಹಾಗೆಯೇ ಹೋಯಿತು. ಬಾಪ ಕಂಪೆನಿಗೆ ಹಣ ಕೊಡಲಿಲ್ಲ. ಆದರೆ ಲೆಕ್ಕವನ್ನು ಮಾತ್ರ ಆ ಜಾಹೀರಾತಿನಿಂದಲೇ ತಂದಿದ್ದರು. “ಒಂದು ಮರಕ್ಕೆ ಇಷ್ಟಾದರೆ 150ಕ್ಕೆ ಎಷ್ಟು?” ಎಂದು ನನ್ನಿಂದ ಗುಣಾಕಾರ ಮಾಡಿಸುತ್ತಿದ್ದರು.

2014ರಲ್ಲಿ ತಂಗಿಯ ನಿಕಾಹ್ ನಿಶ್ಚಯವಾಯಿತು. ಮರದ ವ್ಯಾಪಾರಿ ಬಂದು ಹಗ್ಗ ಸುತ್ತಿ ನಾಲ್ಕೈದು ಮರಗಳನ್ನು ಅಳೆದ. “ತಿರುಳು ಕೂಡಿಲ್ಲ ಬ್ಯಾರಿಗಳೇ, ಇದು ಕಿಟಕಿಗೂ ಆಗದು” ಎಂದ. ಅವನು ಹೇಳಿದ ಬೆಲೆ ಪಂದಲಿನ ಖರ್ಚಿಗೂ ಸಾಲುತ್ತಿರಲಿಲ್ಲ. ಅದರ ಮೇಲೆ ಕಡಿಯಲು ಅನುಮತಿ ಬೇಕು. 1976ರ ಕಾಯ್ದೆಯಲ್ಲಿ ಗಾಳಿ, ಸಿಲ್ವರ್ ಓಕ್‌ನಂತಹ ಕೆಲವು ಮರಗಳಿಗೆ ವಿನಾಯಿತಿ ಇತ್ತು, ಸಾಗುವಾನಿಗೆ ಇರಲಿಲ್ಲ. ಪಹಣಿ, ನಕ್ಷೆ, ಅರ್ಜಿ ಎಂದು ಎರಡು ಬಾರಿ ಅಲೆದು ಬಾಪ ಸುಮ್ಮನಾದರು. ಮದುವೆ ಸಾಲದಿಂದಲೇ ನಡೆಯಿತು.

ತಪ್ಪಿದ್ದೆಲ್ಲಿ? ನಮ್ಮ ಗುಡ್ಡ ಮುರಕಲ್ಲಿನದು. ಸಾಗುವಾನಿಗೆ ಬೇರಿಳಿಯುವ ಆಳದ ಮಣ್ಣು ಬೇಕು. ಒತ್ತಾಗಿ ನೆಟ್ಟ ಮೇಲೆ ಕೆಲವು ವರ್ಷಗಳಿಗೊಮ್ಮೆ ಸೊರಗಿದ ಮರಗಳನ್ನು ಕಡಿದು ಉಳಿದವುಗಳಿಗೆ ಜಾಗ ಬಿಡಬೇಕು. ಬಾಪನಿಗೆ ಅದು ಗೊತ್ತಿತ್ತು. ಆದರೆ ಮಗಳ ಮದುವೆಯ ಮರಕ್ಕೆ ಕತ್ತಿ ಹಾಕಲು ಮನಸ್ಸು ಬರಲಿಲ್ಲ.

ಉಮ್ಮ ಮಾತ್ರ ಎಂದೂ ಲೆಕ್ಕ ಹಾಕಿದವರಲ್ಲ. ಬಾವಿಕಟ್ಟೆಯ ಸುತ್ತ ಹಲಸು, ಪುನರ್ಪುಳಿ, ನುಗ್ಗೆ, ಜೀಗುಜ್ಜೆ ನೆಟ್ಟಿದ್ದರು. ಹಲಸಿನ ಹಪ್ಪಳ ಮಾರಿದ ದುಡ್ಡಿನಲ್ಲಿ ನನ್ನ ಶಾಲೆಯ ಪುಸ್ತಕಗಳು ಬಂದಿವೆ. ಹಣ್ಣನ್ನೆಲ್ಲ ಬಾವಲಿ ತಿನ್ನುತ್ತದೆ ಎಂದು ನಾವು ದೂರಿದರೆ, “ತಿನ್ನಲಿ, ಅದೂ ನನ್ನ ಸದಕಾದ ಲೆಕ್ಕಕ್ಕೇ” ಎನ್ನುತ್ತಿದ್ದರು. ನಾವು ನಗುತ್ತಿದ್ದೆವು.

ಬಾಪನಂತೆ ಲೆಕ್ಕ ಹಾಕಿ ನೆಟ್ಟವರು ಬೇರೆ ಕಡೆಯೂ ಇದ್ದಾರೆ. ಕೋಲಾರಕ್ಕೆ ಮದುವೆಯಾಗಿ ಹೋದ ನನ್ನ ಗೆಳತಿಯ ಮಾವ ರಾಗಿ ಹೊಲಕ್ಕೆ ನೀಲಗಿರಿ ಹಾಕಿದ್ದರು. ಕೂಲಿಯವರ ಗೊಡವೆಯಿಲ್ಲ, ಕಡಿದರೆ ಮತ್ತೆ ಚಿಗುರುತ್ತದೆ, ಕೊಳ್ಳುವವರೂ ಇದ್ದಾರೆ. ಅವರಿಗೆ ಹಣ ಬಂದದ್ದು ನಿಜ. ಆದರೆ ಅಂತರ್ಜಲದ ದೂರು ಬೆಳೆದು 2017ರಲ್ಲಿ ಸರಕಾರ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು.

ಬಾಪ ತೀರಿಕೊಂಡದ್ದೂ ಅದೇ ವರ್ಷ. ಪಾಲಾದಾಗ ಗುಡ್ಡದ ಒಂದು ತುಂಡು ನನ್ನ ಹಕ್ಕಿಗೆ ಬಂತು. ಎಲ್ಲವನ್ನೂ ಕಡಿದು ರಬ್ಬರ್ ಹಾಕೋಣ, ಏಳನೇ ವರ್ಷಕ್ಕೆ ಹಾಲು ಸಿಗುತ್ತದೆ ಎಂದು ಅಣ್ಣ ಹೇಳಿದರು. ಮಕ್ಕಳ ಫೀಸಿನ ಚಿಂತೆ ಅವರಿಗೆ. ಆದರೆ 2011ರಲ್ಲಿ ಕಿಲೋಗೆ 200 ರೂಪಾಯಿ ದಾಟಿದ್ದ ರಬ್ಬರ್ ಐದೇ ವರ್ಷಗಳಲ್ಲಿ ಅರ್ಧಕ್ಕಿಂತ ಕೆಳಗಿಳಿದದ್ದನ್ನು ನಾವೇ ನೋಡಿದ್ದೆವು. “ನನ್ನ ಪಾಲಿನದು ಇರಲಿ ಅಣ್ಣಾ” ಎಂದೆ. ಮನೆಯಲ್ಲಿ ಹೆಣ್ಣುಮಕ್ಕಳು ಜಮೀನಿನ ಬಗ್ಗೆ ಮಾತಾಡಿ ಅಭ್ಯಾಸವಿಲ್ಲ. ಒಂದು ರಮಝಾನ್ ಪೂರ್ತಿ ಅವರು ನನ್ನೊಡನೆ ಮಾತಾಡಲಿಲ್ಲ.

ಈ ಸಲ ಅರ್ಜಿಯ ಹಿಂದೆ ನಾನೇ ಅಲೆದೆ. ಬಾಪ ಮಾಡದೆ ಉಳಿದ ಕೆಲಸವನ್ನು ಮಾಡಿದೆ, ಸೊರಗಿದ ಮರಗಳನ್ನು ಕಡಿಸಿದೆ. ಸೌದೆ ಸಿಕ್ಕಿತು, ಬೇಲಿಗೆ ಕಂಬಗಳು ಸಿಕ್ಕವು. ತೆರವಾದ ಜಾಗಕ್ಕೆ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಹಲಸು, ನೆಲ್ಲಿ ಸಸಿಗಳನ್ನು ತಂದೆ. 2011ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ನೆಟ್ಟದ್ದಕ್ಕಲ್ಲ, ಬದುಕಿದ್ದಕ್ಕೆ ಹಣ. ಗಿಡವೊಂದಕ್ಕೆ ಮೂರು ವರ್ಷಗಳಲ್ಲಿ ಒಟ್ಟು 45 ರೂಪಾಯಿ ಇದ್ದದ್ದು ಅನಂತರ 100ಕ್ಕೆ ಏರಿತ್ತು. ನಾನು ನೆಟ್ಟ 60ರಲ್ಲಿ ಬದುಕಿದ್ದು 38. ಬಂದ ಹಣ ನೀರು ಹೊತ್ತ ಕೂಲಿಗೆ ಸರಿಹೋಯಿತು.

ಕಳೆದ ರಜೆಯಲ್ಲಿ ತಂಗಿ ಮಗಳೊಂದಿಗೆ ಬಂದಿದ್ದಳು. “ನನ್ನ ಮದುವೆಯ ಮರಗಳು ಎಲ್ಲಿ?” ಎಂದು ನಗುತ್ತಾ ಗುಡ್ಡ ಹತ್ತಿದಳು. ಹಿಂದಿನಿಂದ ಅಣ್ಣನೂ ಬಂದರು. ಕೈಯಲ್ಲಿ ಹಗ್ಗವಿತ್ತು. ಒಂದು ಸಾಗುವಾನಿಗೆ ಸುತ್ತಿ ಅಳೆದು, ಇನ್ನೊಂದಕ್ಕೂ ಸುತ್ತಿ, “ದಪ್ಪವಾಗಿದೆಯಲ್ಲ! ಇನ್ನೂ ಹತ್ತು ವರ್ಷ ಇರಲಿ” ಎಂದರು.