ಸೋಮನಾಥಪುರಕ್ಕೆ ಗೈಡ್ ಜೊತೆ ಹೋಗಿ

ರಜೆಗೆ ಮೈಸೂರಿಗೆ ಹೋದವರು ಅರಮನೆ, ಝೂ, ಚಾಮುಂಡಿ ಬೆಟ್ಟ ನೋಡಿ ಊರಿಗೆ ಹೊರಟುಬಿಡುತ್ತಾರೆ. ದಯವಿಟ್ಟು ಒಂದು ದಿನ ಸೋಮನಾಥಪುರದ ಗುಡಿಗೆ ಇಟ್ಟುಕೊಳ್ಳಿ. ದೂರ ಸುಮಾರು 35 ಕಿ.ಮೀ. ಅಷ್ಟೇ. ಹೋದಾಗ ಒಳ್ಳೆಯ ಗೈಡ್ ಒಬ್ಬರನ್ನು ಕರೆದುಕೊಳ್ಳಿ.

ನಮ್ಮಷ್ಟಕ್ಕೆ ನಾವು ಸುತ್ತಿದರೆ ಕಣ್ಣಿಗೆ ಬೀಳದ್ದನ್ನು ಅವರು ನಿಲ್ಲಿಸಿ ತೋರಿಸುತ್ತಾರೆ. ಹೊರಗೋಡೆಯ ವಿಗ್ರಹಗಳ ಪೀಠದಲ್ಲಿ ಹಳೆಯ ಕನ್ನಡ ಅಕ್ಷರಗಳಲ್ಲಿ ಶಿಲ್ಪಿಗಳ ಹೆಸರುಗಳಿವೆ. ಶಿಲ್ಪಿ ಮಲ್ಲಿತಮ್ಮನ ರುಜು ಅಲ್ಲಿದೆ! 1258ರಲ್ಲಿ ಗುಡಿ ಕಟ್ಟಿಸಿದ ದಂಡನಾಯಕ ಸೋಮನಾಥನ ಹೆಸರು ಊರಿಗೇ ಅಂಟಿಕೊಂಡಿತು. ಉಳಿ ಹಿಡಿದವರ ಹೆಸರೂ ಉಳಿದಿದೆ ಅಂತ ತಿಳಿದಾಗ ಆಗುವ ಸಂತೋಷವೇ ಬೇರೆ.

ಒಳಗೆ ಬೆಳಕು ಕಮ್ಮಿ. ತಲೆಯೆತ್ತಿ ಛಾವಣಿ ನೋಡಿ. ಕಲ್ಲಿನ ಬಾಳೆಮೊಗ್ಗು ಒಂದೊಂದೇ ಎಸಳು ಬಿಚ್ಚುತ್ತಾ ಇಳಿಬಿದ್ದಿದೆ. ಈ ಗುಡಿಯ ಬಳಪದ ಕಲ್ಲು ಕೆತ್ತುವಾಗ ಮೆತ್ತಗಿದ್ದು, ಗಾಳಿ ತಾಗಿದಂತೆ ಗಟ್ಟಿಯಾಗುತ್ತದೆ, ಅದಕ್ಕೇ ಇಷ್ಟು ಸೂಕ್ಷ್ಮ ಕೆಲಸ ಸಾಧ್ಯವಾಯಿತು.

2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಈ ಗುಡಿಯೂ ಯುನೆಸ್ಕೋ ವಿಶ್ವಪರಂಪರೆ ಪಟ್ಟಿಗೆ ಸೇರಿದೆ.

ಮಕ್ಕಳನ್ನು ಖಂಡಿತ ಕರೆದುಕೊಂಡು ಹೋಗಿ. ಗೈಡ್ ಹತ್ತಿರ ಮಾತ್ರ ಚೌಕಾಸಿ ಮಾಡಬೇಡಿ.