ಅರ್ಧ ಕತೆಯ ಹ್ಯಾಂಡ್‌ಬಿಲ್ಲು

ಈಗ ಹೊಸ ಚಿತ್ರ ಬಂತೆಂದರೆ ನಟರು ಮಾಲ್‌ಗೆ ಬಂದು ಕೈಬೀಸುತ್ತಾರೆ, ಕಾಲೇಜಿನ ವೇದಿಕೆಯಲ್ಲಿ ಕುಣಿಯುತ್ತಾರೆ. ಟ್ರೇಲರ್ ಮೊಬೈಲಿಗೇ ಬಂದು ಬೀಳುತ್ತದೆ. ನಾನು ಹುಡುಗನಾಗಿದ್ದಾಗ ನಮ್ಮ ಹಳ್ಳಿಗೆ ನಟರು ಬರುತ್ತಿರಲಿಲ್ಲ ಮಕ್ಕಳೇ, ಅವರ ಬದಲು ಎತ್ತಿನ ಗಾಡಿ ಬರುತ್ತಿತ್ತು.

ಗಾಡಿಯ ಮೇಲೆ ಎರಡು ಬಿದಿರು ತಟ್ಟಿಗಳನ್ನು ಗುಡಿಸಲಿನ ಸೂರಿನಂತೆ ಒಂದಕ್ಕೊಂದು ಒರಗಿಸಿ ಕಟ್ಟಿ, ಎರಡೂ ಬದಿಗೆ ಪೋಸ್ಟರ್ ಅಂಟಿಸಿರುತ್ತಿದ್ದರು. ಒಳಗೆ ಮೈಕು ಹಿಡಿದು ಒಬ್ಬ ಕೂತಿರುತ್ತಿದ್ದ. ಅವನ ಮುಖ ಕಾಣದ ಕಾರಣ ಪೋಸ್ಟರಿನ ರಾಜ್‌ಕುಮಾರ್ ಅವರೇ ನಮ್ಮನ್ನು ಟೆಂಟಿಗೆ ಕರೆದಂತಾಗುತ್ತಿತ್ತು. "ಇಂದೇ ಕಡೆಯ ದಿನ" ಎಂದು ಆತ ಮೂರು ದಿನ ಕೂಗುತ್ತಿದ್ದ. ನಾಲ್ಕನೆಯ ದಿನ "ಪ್ರೇಕ್ಷಕರ ಒತ್ತಾಯದ ಮೇರೆಗೆ" ಎಂದು ಸೇರಿಸುತ್ತಿದ್ದ. ಹಾಗೆ ಒತ್ತಾಯ ಮಾಡಿದವರು ಯಾರೆಂದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ!

ನಡುನಡುವೆ ಗುಲಾಬಿ, ಹಳದಿ ಬಣ್ಣದ ತೆಳು ಹ್ಯಾಂಡ್‌ಬಿಲ್ಲುಗಳನ್ನು ಗಾಳಿಗೆ ತೂರುತ್ತಿದ್ದ. ನಾವು ದೂಳಿನಲ್ಲಿ ಬಿದ್ದೆದ್ದು ಹಿಡಿಯುತ್ತಿದ್ದೆವು. ಅದರಲ್ಲಿ ಕತೆ ಅರ್ಧ ಮಾತ್ರ ಇರುತ್ತಿತ್ತು. ಬಿಗಿಯಾದ ಜಾಗಕ್ಕೆ ಬಂದು ನಿಲ್ಲಿಸಿ, ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ ಎಂದು ಬರೆದುಬಿಡುತ್ತಿದ್ದರು. ಇವತ್ತಿನ ಟ್ರೇಲರ್ ಮಾಡುವುದೂ ಅದನ್ನೇ, ಸದ್ದು ಜಾಸ್ತಿ ಅಷ್ಟೆ.

ನನ್ನ ಅಜ್ಜಿ ಟೆಂಟಿಗೆ ಕಾಲಿಟ್ಟವಳಲ್ಲ. ನೆಲದ ಮೇಲೆ ಕೂರಲು ಮಂಡಿನೋವು ಎನ್ನುತ್ತಿದ್ದಳು. ಗಂಡ ಸತ್ತವಳು ಸಿನಿಮಾಕ್ಕೆ ಹೋದಳು ಎಂದು ಊರು ಆಡಿಕೊಳ್ಳುತ್ತದೆಂಬುದು ಒಳಗಿನ ಕಾರಣ. ಓದೂ ಬಾರದು. ಹಾಗಾಗಿ ಹ್ಯಾಂಡ್‌ಬಿಲ್ಲನ್ನು ನಾನು ಓದಿ ಹೇಳಬೇಕು. ಉಳಿದರ್ಧ ಕತೆಯನ್ನು ಅವಳೇ ಅಕ್ಕಿ ಆರಿಸುತ್ತಾ ಕಟ್ಟಿ ಮುಗಿಸುತ್ತಿದ್ದಳು. ಅವಳ ಕತೆಗಳಲ್ಲಿ ಕೆಟ್ಟವರೆಲ್ಲ ಕೊನೆಗೆ ಕಾಲಿಗೆ ಬೀಳುತ್ತಿದ್ದರು.

1972ರ 'ಬಂಗಾರದ ಮನುಷ್ಯ' ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ವರ್ಷ ದಾಟಿ ಓಡಿತ್ತು. ನಮ್ಮ ಟೆಂಟಿಗೆ ಬರುವಷ್ಟರಲ್ಲಿ ರೀಲಿನ ತುಂಬ ಗೀರು. ಹ್ಯಾಂಡ್‌ಬಿಲ್ಲಿನಲ್ಲಿ, ಅಕ್ಕನ ಮಕ್ಕಳಿಗಾಗಿ ಬರಡು ನೆಲವನ್ನು ಬಂಗಾರ ಮಾಡಿದ ರಾಜೀವನನ್ನು ಆ ಮಕ್ಕಳು ಉಳಿಸಿಕೊಂಡರೇ ಎಂಬ ಪ್ರಶ್ನೆಗೆ ಕತೆ ನಿಂತಿತ್ತು. "ಉಳಿಸಿಕೊಳ್ಳದೆ ಏನು? ಉಂಡ ಋಣ ಇಲ್ಲವೇ?" ಎಂದಳು ಅಜ್ಜಿ.

ಆ ರಾತ್ರಿ ಚಿಕ್ಕಪ್ಪನ ಜೊತೆ ಹೋಗಿ ನೋಡಿ ಬಂದೆ. ಬೆಳಿಗ್ಗೆ ಅಜ್ಜಿ ಕೇಳಿದಾಗ ಇದ್ದದ್ದನ್ನೇ ಹೇಳಿದೆ. ಅಕ್ಕನ ಮಗ ಊಟಕ್ಕೆ ಕೂತ ಮಾವನನ್ನು ಆಡಬಾರದ ಮಾತಾಡಿದ, ಮಾವ ಎದ್ದು ಹೊರಟುಹೋದ, ಆಮೇಲೆ ಹುಡುಕಿದರೂ ಸಿಗಲಿಲ್ಲ ಎಂದೆ.

ಅಜ್ಜಿಯ ಕೈಯಲ್ಲಿದ್ದ ಮೊರ ನಿಂತಿತು. "ಅನ್ನದ ಮುಂದಿನಿಂದ ಎಬ್ಬಿಸಿದನೇ?" ಎಂದು ಎರಡು ಸಲ ಕೇಳಿದಳು. ಆ ಹೊತ್ತು ಅವಳೂ ಸರಿಯಾಗಿ ಉಣ್ಣಲಿಲ್ಲ.

ಮಧ್ಯಾಹ್ನ ಗಾಡಿ ಮತ್ತೆ ಬಂತು. ಎಂದೂ ಬಾಗಿಲ ಹಿಂದೆಯೇ ನಿಂತು ಕೇಳುತ್ತಿದ್ದ ಅಜ್ಜಿ ಅಂದು ಬೀದಿಗಿಳಿದು ಗಾಡಿ ನಿಲ್ಲಿಸಿದಳು.

"ಅಪ್ಪಾ, ಅವನು ಆಮೇಲೆ ಎಲ್ಲಿ ಊಟ ಮಾಡಿದ?"

ತಟ್ಟಿಯ ಒಳಗಿನಿಂದ ಒಬ್ಬ ಬಡಕಲು ಮನುಷ್ಯ ಇಣುಕಿದ. "ಅದನ್ನು ತೋರಿಸಿಲ್ಲ ಅಜ್ಜೀ, ಸಿನಿಮಾ ಅಲ್ಲಿಗೇ ಮುಗೀತದೆ."

"ನಿಂದಾಯಿತೇ ಊಟ?"

ಅವನು ಮಾತಾಡಲಿಲ್ಲ. ಮೈಕಿನವನು ಸುಮ್ಮನಿದ್ದುದನ್ನು ನಾನು ನೋಡಿದ್ದು ಅದೊಂದೇ ಸಲ. ಅಜ್ಜಿ ಅವನನ್ನು ಜಗುಲಿಗೆ ಕರೆದು ಮುದ್ದೆ, ಬಸ್ಸಾರು ಬಡಿಸಿ, ತಿಂದು ಮುಗಿಸುವ ತನಕ ಕಂಬಕ್ಕೊರಗಿ ಕೂತಿದ್ದಳು. ಅಷ್ಟರಲ್ಲಿ ನಾವು ಹುಡುಗರು ಗಾಡಿ ಹತ್ತಿ, ಇಂದೇ ಕಡೆಯ ದಿನ ಎಂದು ಊರಿಗೆಲ್ಲ ಸಾರಿಬಿಟ್ಟಿದ್ದೆವು.