ಜಗುಲಿಯ ಪಾಠ

ನಾವಿಬ್ಬರು ಮೇಷ್ಟ್ರುಗಳು. ಒಬ್ಬರು ನಾಗರಬಾವಿ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಪಾಠ ಹೇಳುವವರು. ಇನ್ನೊಬ್ಬರು ಅಂಗವಿಕಲ ಮಕ್ಕಳಿಗಾಗಿ ಬ್ಲಾಕಿನ ಶಾಲೆಗಳನ್ನೆಲ್ಲ ಸುತ್ತುವ ಸಂಪನ್ಮೂಲ ಶಿಕ್ಷಕರು. ಇಬ್ಬರೂ ಹೊಲಗೇರಿಯಿಂದ ಬಂದವರು. ಇದನ್ನ ಮೊದಲೇ ಹೇಳಿಬಿಡ್ತೀವಿ, ಯಾಕೆಂದರೆ ತಪ್ಪು ಮಾಡಿದವರು ನಾವೇ.

ನಮ್ಮ ತರಗತಿಗೆ ಕಿವಿ ಕೇಳದ ಹುಡುಗನೊಬ್ಬ ಸೇರಿದ. ರಾಯಚೂರು ಕಡೆಯಿಂದ ಬಂದು ಇಲ್ಲಿನ ಬಿಲ್ಡಿಂಗುಗಳಿಗೆ ಇಟ್ಟಿಗೆ ಹೊರುವ ತಾಯಿಯ ಮಗ. ವಾರಕ್ಕೊಂದು ದಿನ ಅವನನ್ನು ಜಗುಲಿಗೆ ಕರೆದು, ಚಾಪೆ ಹಾಸಿ, ಕೈಸನ್ನೆಯಲ್ಲಿ ಪಾಠ. ಮಿಕ್ಕ ಮಕ್ಕಳಿಗೆಲ್ಲ ಒಳಗೆ ಪಾಠ. ಉಳಿದ ಐದು ದಿನ ಅವನು ಕೊನೇ ಬೆಂಚಿನಲ್ಲಿ ಸುಮ್ಮನೆ ಬೋರ್ಡು ನೋಡ್ಕೊಂಡು ಕೂತಿರೋನು. ನಾವು ಸಮನ್ವಯ ಶಿಕ್ಷಣ ಅಂತ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕ್ತಿದ್ವಿ.

ಒಂದು ದಿನ ಅವನವ್ವ ಬಂದು ಜಗುಲಿಯಲ್ಲಿ ಮಗನನ್ನ ನೋಡಿದಳು.

"ಯಾಕ್ರೀ ಸರ, ನನ್ನ ಮಗನ್ನ ಹೊರಗ ಕುಂದರ್ಸೀರಿ? ನಮ್ಮಪ್ಪನ್ನೂ ಸಾಲ್ಯಾಗ ಹೊರಗಾ ಕುಂದರ್ಸ್ತಿದ್ರಂತ."

ನಮಗೆ ಬಾಯಿ ಕಟ್ಟಿಹೋಯಿತು.

ಸತಾರಾದ ಶಾಲೆಯಲ್ಲಿ ಬಾಲಕ ಭೀಮರಾಯ ಗೋಣಿತಟ್ಟು ಹಾಸಿಕೊಂಡು ಮೂಲೆಯಲ್ಲಿ ಒಬ್ಬನೇ ಕೂತಿದ್ದನ್ನ, ನಲ್ಲಿ ಮುಟ್ಟುವಂತಿರಲಿಲ್ಲ ಅನ್ನೋದನ್ನ, ಪ್ರತಿ ಏಪ್ರಿಲ್ 14ಕ್ಕೆ ಮೈಕಿನ ಮುಂದೆ ಹೇಳಿದವರು ನಾವು. ಅದೇ ಗೋಣಿತಟ್ಟನ್ನ ಚಾಪೆ ಮಾಡಿ ಹಾಸಿದ್ದೆವಲ್ಲ! ಪ್ರೀತಿಯಿಂದ ಹಾಸಿದರೂ ಹೊರಗೆ ಹಾಸಿದ್ದು ಹೊರಗೇ.

ಮಾರನೇ ವಾರ ಚಾಪೆ ಸುತ್ತಿಟ್ಟು ಇಬ್ಬರೂ ಒಳಗೆ ಹೋದೆವು. ಅಷ್ಟಕ್ಕೇ ಸರಿಹೋಗಲಿಲ್ಲ. ಒಬ್ಬರು ಬೋರ್ಡಿನ ಹತ್ತಿರ, ಒಬ್ಬರು ಆ ಹುಡುಗನ ಪಕ್ಕ. ಮಕ್ಕಳು "ಇವ್ರು ಅವನ ಸಾರ್" ಅಂದವು. ಭೀಮರಾಯನೂ ತರಗತಿಯ ಒಳಗೇ ಇದ್ದನಲ್ಲವೆ? ಮೂಲೆ ಒಳಗಿದ್ದರೂ ಮೂಲೆಯೇ.

ಆಮೇಲೆ ಊಟದ ಬಿಡುವಿನಲ್ಲಿ ಕೂತು ಪಾಠ ಹಂಚಿಕೊಂಡೆವು. ಭಿನ್ನರಾಶಿ ಅಂದರೆ ಒಬ್ಬರು ಹೇಳೋದು, ಇನ್ನೊಬ್ಬರು ಅದನ್ನೇ ಸನ್ನೆಯಲ್ಲಿ ಇಡೀ ತರಗತಿಗೆ ತೋರಿಸೋದು. ಬೋರ್ಡಿನ ಕಡೆ ತಿರುಗಿಕೊಂಡು ಮಾತಾಡೋದು ಬಂದ್, ಅವನಿಗೆ ನಮ್ಮ ತುಟಿ ಕಾಣಬೇಕು. ಆಮೇಲೆ ಎರಡು ಗುಂಪು, ಒಬ್ಬೊಬ್ಬರಿಗೆ ಒಂದು. ಕಾಗದ ಮಡಿಸಿ ಅರ್ಧ, ಕಾಲು, ಅರೆಕಾಲು. ಮುಂದಿನ ವಾರ ಗುಂಪು ಅದಲುಬದಲು. ಆ ಹುಡುಗ ಕಾಗದ ಮಡಿಸಿ ಎತ್ತಿ ಹಿಡಿದ, ಅರೆಕಾಲು ಸರಿಯಾಗಿತ್ತು. ಕಿವಿ ನೆಟ್ಟಗಿದ್ದೂ ಮೂರು ವರ್ಷದಿಂದ ಲೆಕ್ಕ ತಿಳಿಯದೆ ಕೂತಿದ್ದ ನಾಲ್ಕು ಮಕ್ಕಳಿಗೂ ಅವತ್ತು ತಿಳೀತು. ಮಕ್ಕಳೆಲ್ಲ ನೀರಿಗೆ ಸನ್ನೆ ಕಲಿತರು.

ಇದು ನಮ್ಮ ದೊಡ್ಡತನ ಅಲ್ಲ, ಕಾನೂನು. ಅಂಗವಿಕಲ ಮಕ್ಕಳು ಮಿಕ್ಕವರ ಜೊತೆಗೇ ಕೂತು ಕಲಿಯಬೇಕು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತೆ. ಪ್ರಾಥಮಿಕದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಅದರ ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬ ಇರಬೇಕು ಅಂತ ಕೇಂದ್ರ ಸರ್ಕಾರ 2022ರಲ್ಲಿ ಹೇಳಿತು. ದೇಶಕ್ಕೇ ಕಾನೂನು ಕಲಿಸುವ ನ್ಯಾಷನಲ್ ಲಾ ಸ್ಕೂಲ್ ಇರೋದು ಇದೇ ನಾಗರಬಾವಿಯಲ್ಲಿ. ಕಾನೂನು ಆ ಗೇಟಿನಿಂದ ನಮ್ಮ ಶಾಲೆಯ ಗೇಟಿಗೆ ನಡೆದು ಬರೋಕೆ ಇನ್ನೆಷ್ಟು ವರ್ಷ ಬೇಕು ಸ್ವಾಮಿ?

ಯಾಕೆಂದರೆ ವಾರದಲ್ಲಿ ಆ ಒಂದು ದಿನ ಮಾತ್ರ ನಾವು ಇಬ್ಬರು. ಮಿಕ್ಕ ಐದು ದಿನ ಒಬ್ಬರೇ. ಆ ದಿನಗಳಲ್ಲಿ ಮುಂದಿನ ಬೆಂಚಿನ ಹುಡುಗಿಯೊಬ್ಬಳು, ಮನೆಗೆಲಸದವಳ ಮಗಳು, ತಿರುಗಿ ಕೂತು ಅವನಿಗೆ ತಿಳಿದಷ್ಟು ಸನ್ನೆ ಮಾಡ್ತಾಳೆ. ನೋಡಿದವರು ಆಹಾ ಎಷ್ಟು ಚೆಂದ ಅಂತಾರೆ.

ಚೆಂದವೇ, ಸುಳ್ಳಲ್ಲ. ಆದರೆ ಹಾಗೆ ತಿರುಗಿ ಕೂತಾಗ ಬೋರ್ಡು ಅವಳ ಬೆನ್ನಿಗಿರುತ್ತೆ. ಸರ್ಕಾರದ ಕೆಲಸವನ್ನ ಒಂಬತ್ತು ವರ್ಷದ ಕೂಲಿಯಿಲ್ಲದ ಹುಡುಗಿ ಮಾಡ್ತಿದ್ದಾಳೆ. ಅವಳ ಪಾಠ ಅವಳಿಗೆ ಯಾರು ಹೇಳಬೇಕು?